ಮೈಮೇಲಿನ ಲಿಂಗ, ಗೇಟಿನ ಯಂತ್ರ

ಎಂಟನೆಯ ತರಗತಿಯಲ್ಲಿದ್ದಾಗ ನನ್ನದೇ ಎಂದು ಹೇಳಿಕೊಳ್ಳಲು ನನಗಿದ್ದದ್ದು ಬೆಳಗಿನ ಲಿಂಗಪೂಜೆಯ ಹೊತ್ತು ಮಾತ್ರ. ಇಳಕಲ್ಲಿನ ನಮ್ಮ ಮನೆಯಲ್ಲಿ ಮುಂದಿನ ಕೋಣೆ ಪವರ್‌ಲೂಮಿನದು, ನಡುಮನೆ ಬಂದುಹೋಗುವವರದು, ಅಡುಗೆಮನೆ ಅವ್ವನದು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಮಾತ್ರ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಮಂತ್ರ ಬೇಗ ಮುಗಿಸಿ ನಾನು ಲಿಂಗದ ಜೊತೆ ಮಾತಿಗಿಳಿಯುತ್ತಿದ್ದೆ. ಗಣಿತದ ಮಾಸ್ತರರ ಮೇಲಿನ ಸಿಟ್ಟು, ಗೆಳತಿಯ ಮೇಲಿನ ಹೊಟ್ಟೆಕಿಚ್ಚು, ಅವ್ವನ ಹತ್ತಿರವೂ ಹೇಳಲಾಗದ ನಾಚಿಕೆ, ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಪೂಜೆ ಮುಗಿದ ಮೇಲೆ ಲಿಂಗ ಬಟ್ಟೆಯ ಚೀಲಕ್ಕೆ, ಚೀಲ ಕೊರಳಿಗೆ. ಮಲಗುವಾಗಲೂ ಅದನ್ನು ಮೈಯಿಂದ ತೆಗೆಯುವಂತಿರಲಿಲ್ಲ.

ಮೊಬೈಲು ಇನ್ನೂ ಗಂಡಸರ ಅಂಗಿಯ ಜೇಬಿನಲ್ಲಷ್ಟೇ ಇದ್ದ ಕಾಲ ಅದು. ನಮ್ಮ ಖಾಸಗಿ ಶಾಲೆಯ ಗೇಟಿಗೆ ಒಂದು ಯಂತ್ರ ಬಂತು. ಮಕ್ಕಳಿಗೆಲ್ಲ ಒಂದೊಂದು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು ಕೊರಳಿಗೆ ಹಾಕಿಕೊಳ್ಳಿ ಎಂದರು. ಬಿಲ್ಲೆ ಗೇಟು ದಾಟಿದರೆ ಯಂತ್ರ ಕೂಗುತ್ತದೆ, ಅಪ್ಪಂದಿರ ಮೊಬೈಲಿಗೆ ಸಂದೇಶ ಹೋಗುತ್ತದೆ. ನಾವೇನು ಮೇಯಲು ಬಿಟ್ಟ ಎಮ್ಮೆಗಳೇ ಎಂದು ನನಗೆ ಮೈಯೆಲ್ಲ ಉರಿಯಿತು.

ಅಪ್ಪನ ತಾಯಿ, ನನ್ನ ಅಜ್ಜಿ, ಹೆದರಿದಳು. “ಲಿಂಗ ಇದ್ದ ಎದಿ ಮ್ಯಾಲ ಇನ್ನೊಂದು ಕಟ್ಟಬಾರದು. ನಾವು ಹೋಗೂದು ಬರೂದು ನೋಡಾಕ ಶಿವ ಅದಾನ. ಆ ಮಿಶನ್ನಿಗೆ ಯಾಕ ಹೇಳಬೇಕು?” ಎಂದಳು.

ಅಪ್ಪ ಲೂಮು ನಿಲ್ಲಿಸಿ ಬಂದು ತಾಳ್ಮೆಯಿಂದ ಕೇಳಿಸಿಕೊಂಡ. “ಆತು ಬಿಡಬೇ, ನಾ ಸಾಲಿಗೆ ವಾಪಸ್ ಕೊಟ್ಟು ಬರ್ತೇನಿ” ಎಂದು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ಆ ವಾರದ ಕೊನೆಗೆ ನನಗೊಂದು ಹೊಸ ಲಿಂಗದ ಚೀಲವನ್ನೂ ತಂದುಕೊಟ್ಟ. ಸೀರೆಯ ಸೆರಗಿನ ಕೆಂಪು ರೇಷ್ಮೆ, ಒಳಗೆ ದಪ್ಪ ಅಸ್ತರು. ಹಳೆಯದು ಸವೆದಿತ್ತು. ಶಾಲೆಯವರ ಎದುರು ನಮ್ಮ ಪರ ನಿಂತ ಅಪ್ಪ ಎಂದು ನನಗೆ ಹೆಮ್ಮೆ ಉಕ್ಕಿ ಬಂತು.

ಸೋಮವಾರ ಬರಿಗೊರಳಲ್ಲಿ, ಅಂದರೆ ಲಿಂಗವೊಂದನ್ನೇ ಧರಿಸಿ, ಗೇಟು ದಾಟಿದೆ. ಯಂತ್ರ ಕೂಗಿತು. ಹಿಂದೆ ಮುಂದೆ ಯಾರೂ ಇರಲಿಲ್ಲ. ಹೊರಗೆ ಬಂದು ಮತ್ತೆ ದಾಟಿದೆ. ಮತ್ತೆ ಕೂಗಿತು. “ಹೋಗವಾ, ನಿಂದು ಮಿಶನ್ನಿನ್ಯಾಗ ಹತ್ತೇತಿ” ಎಂದು ಕಾವಲುಗಾರ ಕೈಬೀಸಿದ.

ಮನೆಗೆ ಬಂದು ಹೇಳಿದಾಗ ಅಜ್ಜಿ ಗೋಡೆಗೆ ಆತು ಕೂತಳು. “ಮಿಶನ್ನು ಲಿಂಗಾನ ಕಂಡೈತಿ” ಎಂದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟದ ಮನೆ ನಮ್ಮದು. ಬಟ್ಟೆಯೊಳಗಿದ್ದದ್ದನ್ನು ಕಂಡ ಯಂತ್ರ ಇನ್ನೇನನ್ನು ಕಾಣುವುದಿಲ್ಲ? ನಾನೂ ನಂಬಿಬಿಟ್ಟೆ. ಲಿಂಗದ ಮುಂದೆ ಹೇಳಿದ್ದೆಲ್ಲ ಗೇಟಿನಿಂದ ಅಪ್ಪನ ಮೊಬೈಲಿಗೆ ಹೋಗುತ್ತಿದೆಯೋ ಏನೋ ಎಂದು ಹೆದರಿದೆ.

“ಅಪ್ಪಾ, ನಿನ್ನ ಮೊಬೈಲಿಗೆ ಸಾಲಿಂದ ಏನರ ಬರ್ತೈತೇನು?” ಎಂದು ಕೇಳಿದೆ.

“ಏನಿಲ್ಲವಾ” ಎಂದ. ತಲೆ ಸವರಿದ.

ಲಿಂಗವನ್ನು ಗುರುವಿನ ಕೈಯಿಂದ ಮತ್ತೊಮ್ಮೆ ಪಡೆಯಬೇಕೆಂದು ಅಜ್ಜಿ ಹಟ ಹಿಡಿದಳು. ದೀಕ್ಷೆ ಕೊಟ್ಟಿದ್ದ ಅಯ್ಯನವರು ಊರಲ್ಲಿರಲಿಲ್ಲ. ಅವರು ಬರುವವರೆಗೆ ಊಟ ಬಿಟ್ಟು, ಹಾಲು ಹಣ್ಣಿನ ಮೇಲೆಯೇ ಇದ್ದಳು. ಅವಳ ಎದುರಿಗೇ ಕೂತು ಅಪ್ಪ ರೊಟ್ಟಿ ಪಲ್ಯ ಉಣ್ಣುತ್ತಿದ್ದ. “ಇಷ್ಟ್ಯಾಕ ಬೇ ಸುಮ್ಮನ” ಎಂದು ಒಮ್ಮೆ ಅಂದದ್ದು ಬಿಟ್ಟರೆ ಬಾಯಿ ಬಿಡಲಿಲ್ಲ.

ಅಯ್ಯನವರು ಬಂದ ದಿನ ಅಪ್ಪನೇ ಪತ್ರಿ ತಂದ, ಅಪ್ಪನೇ ಅವರ ಪಾದ ತೊಳೆದ. ಅವರು ಲಿಂಗವನ್ನು ನೀರಿನಲ್ಲಿಟ್ಟು, ಚೀಲವನ್ನೂ ತೊಳೆಯಲು ಹೇಳಿದರು. “ನಾ ತೊಳಿತೇನಿ ತಾ” ಎಂದು ಅಪ್ಪ ಕೈ ಚಾಚುವಷ್ಟರಲ್ಲಿ ಅಜ್ಜಿ ಅದನ್ನು ನೀರಿಗೆ ಹಾಕಿ ಹಿಂಡಿಯಾಗಿತ್ತು. ಅಸ್ತರಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಮಗ್ಗದ ಮುಂದೆ ಎಳೆ ಕಡಿಯುವ ರೂಢಿಯಂತೆ ಹಲ್ಲಿನಿಂದಲೇ ಹೊಲಿಗೆ ಬಿಚ್ಚಿದಳು. ಶಾಲೆಯ ಬಿಲ್ಲೆ ಅವಳ ಅಂಗೈಗೆ ಬಿತ್ತು.

ಅಪ್ಪ ನಮ್ಮಿಬ್ಬರನ್ನೂ ನೋಡಲಿಲ್ಲ. ಅಯ್ಯನವರಿಗೆ ಹೇಳಿದ: “ಕಾಲ ಸರಿ ಇಲ್ಲರಿ ಅಯ್ಯಾರ. ಹೆಣ್ಣುಹುಡುಗಿ, ಎಲ್ಲಿ ಅದಾಳಂತ ಗೊತ್ತಿರಬೇಕಲ್ಲರಿ. ಬ್ಯಾರೆ ಎಲ್ಲಿಟ್ಟರೂ ತಗದು ಒಗೀತಿದ್ದಳು. ಲಿಂಗ ಒಂದನ್ನ ಬಿಚ್ಚಿಡಂಗಿಲ್ಲಂತ ಗೊತ್ತಿತ್ತು.”

ಕಡೆಯ ಮಾತನ್ನು ನನ್ನನ್ನು ಹೊಗಳುವವನಂತೆ ಹೇಳಿದ. ನನ್ನ ಭಕ್ತಿಯನ್ನು ಅಷ್ಟು ಚೆನ್ನಾಗಿ ತಿಳಿದಿದ್ದ ಮನುಷ್ಯ ಅದನ್ನೇ ನೋಡಿ ನನಗೆ ಹಗ್ಗ ಹಾಕಿದ್ದ. ಯಂತ್ರದ ಮೇಲಿದ್ದ ಹೆದರಿಕೆಯೆಲ್ಲ ಆ ಕ್ಷಣಕ್ಕೆ ಹೋಯಿತು. ಅಪ್ಪನ ಮುಖ ನೋಡಲು ಅಸಹ್ಯವಾಯಿತು.

ಅಜ್ಜಿ ಬಿಲ್ಲೆಯನ್ನು ಅವನ ಮುಂದೆ ಇಟ್ಟಳು. “ನಾ ಉಪಾಸ ಇದ್ದದ್ದು ದಿನಾ ನೋಡಿದಿ. ನೀ ಹೆಂಗ ಉಂಡೆಪಾ?” ಎಂದು ಕೇಳಿದಳು. ಅಪ್ಪ ಎದ್ದು ಹೋಗಿ ಲೂಮು ಹಚ್ಚಿದ.

ಬಂದ ಕೆಲಸ ಬಿಡಬಾರದೆಂದು ಅಯ್ಯನವರು ಲಿಂಗವನ್ನು ಮತ್ತೆ ನನ್ನ ಅಂಗೈಯಲ್ಲಿಟ್ಟರು. “ಮನಸಿನ್ಯಾಗ ಏನೈತಿ, ಹೇಳಿಕೋ ತಂಗಿ” ಎಂದರು. ನನ್ನ ಬಾಯಿ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಇವತ್ತಿಗೂ ಪೂಜೆ ತಪ್ಪಿಸಿಲ್ಲ. ವಿಭೂತಿ ಹಚ್ಚುತ್ತೇನೆ, ಮಂತ್ರ ಹೇಳುತ್ತೇನೆ. ಮಂತ್ರ ಮುಗಿದ ಕೂಡಲೇ ಲಿಂಗವನ್ನು ಚೀಲಕ್ಕೆ ಹಾಕಿಬಿಡುತ್ತೇನೆ.