ಮುಚ್ಚಳ ತಿರುಗಿಸುವ ಮೂರು ಬೆರಳು

ಮುಲುಂಡಿನ ನಮ್ಮ ಚಾಳಿನಲ್ಲಿ ಯಾರ ಮನೆಯ ಉಪ್ಪಿನಕಾಯಿ ಬಾಟಲಿ ಬಿಗಿಯಾದರೂ ಅದು ಪಕ್ಕದ ಖೋಲಿಯ ಫಿಟ್ಟರರ ಬಳಿಗೆ ಹೋಗುತ್ತಿತ್ತು. ಮೂರೇ ಬೆರಳಲ್ಲಿ ಮುಚ್ಚಳ ತಿರುಗಿಸಿ, “ಕೈಗೆ ಗೊತ್ತೈತ್ರಿ ವೈನಿ” ಎಂದು ಅತ್ತಿಗೆಯೆಂಬ ಸಲುಗೆಯಲ್ಲಿ ನನಗೆ ಹೇಳುತ್ತಿದ್ದರು. ಆ ಬೆರಳುಗಳನ್ನೇ ನೋಡಿಕೊಂಡು, ತಾವು ಕೆಲಸ ಮಾಡುವ ಕಾರ್ಖಾನೆಯಲ್ಲಿ ಔಷಧದ ಬಾಟಲಿಗಳಿಗೆ ಮುಚ್ಚಳ ಬಿಗಿಯುವ ಯಂತ್ರಕ್ಕೆ ಅವರು ಮೂರು ಹಿಡಿಗಳ ಒಂದು ಇಕ್ಕಳ ಮಾಡಿದ್ದರು.

ಎಪ್ಪತ್ತರ ದಶಕದಲ್ಲಿ ವಿಲಾಯಿತಿಯ ಕಂಪನಿಯೊಂದು, ಆ ಇಕ್ಕಳ ತನ್ನ ಪೇಟೆಂಟಿನ ನಕಲೆಂದು ಆ ಕಾರ್ಖಾನೆಯ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿತು. ಇಕ್ಕಳ ಮಾಡಿದ್ದು ಹೇಗೆಂದು ಸಾಕ್ಷಿ ಹೇಳಲು ಫಿಟ್ಟರರೇ ಹೋಗಬೇಕೆಂದಾಯಿತು. ಅಲ್ಲಿಯ ಚಳಿಗೆಂದು ನಾನು ಅವರಿಗೊಂದು ಸ್ವೆಟರ್ ಹೆಣೆಯತೊಡಗಿದೆ. ಸಂಜೆ ಬಂದು ಅಳತೆ ನೋಡುವರು: “ತೋಳು ಗಿಡ್ಡ ಮಾಡ್ರಿ. ಜಜ್ ಸಾಹೇಬ್ರಿಗೆ ಬೆರಳು ಕಾಣ್ಬೇಕು.”

ಒಂದು ತೋಳು ಉಳಿದಿರುವಾಗ ಬೊಂಬಾಯಿ ಹೈಕೋರ್ಟಿನ ಆಜ್ಞೆ ಬಂತು. ಎರಡೂ ಕಂಪನಿಗಳ ನಡುವಿನ ಹಳೆಯ ಒಪ್ಪಂದದಂತೆ ವ್ಯಾಜ್ಯ ಇಲ್ಲೇ ನಡೆಯಬೇಕು, ವಿಲಾಯಿತಿಯ ಕಂಪನಿ ಲಂಡನ್ನಿನ ದಾವೆ ಮುಂದುವರಿಸಕೂಡದು.

“ಗೆದ್ರಲ್ಲ, ಪೇಢೆ ಎಲ್ಲಿರೀ?” ಎಂದೆ.

“ಗೆದ್ದಾರ ನಮ್ಮ ಸೇಠರು. ನಾ ಹೇಳೂದು ಇನ್ನೂ ಐತಿ. ಇಲ್ಲೇ ಹೇಳ್ತೀನಿ ಬಿಡ್ರಿ.”

ಇಲ್ಲೂ ಹೇಳಲಾಗಲಿಲ್ಲ. ಸಾಕ್ಷಿ ಕೇಳುವ ಮೊದಲೇ ಎರಡೂ ಕಂಪನಿಗಳು ರಾಜಿಯಾದವು. ಇಕ್ಕಳ ವಿಲಾಯಿತಿಯವರದೆಂದೇ ಕಾಗದದಲ್ಲಿ ಬರೆದರು. ಆ ಸಂಜೆ ಅವರು ನಮ್ಮ ಬಾಗಿಲಲ್ಲಿ ನಿಂತು, ಗಾಳಿಯಲ್ಲಿ ಮೂರು ಬೆರಳು ತಿರುಗಿಸಿ, “ಹೆಂಗ ಮಾಡ್ದಿ ಅಂತ ಯಾರೂ ಕೇಳ್ಲೇ ಇಲ್ರಿ ವೈನಿ” ಎಂದರು. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. “ಕೂಡ್ರಿ, ಬಂದೆ” ಎಂದು ಒಳಗೆ ಹೋದೆ. ಬರುವಷ್ಟರಲ್ಲಿ ಅವರಿರಲಿಲ್ಲ.

ಮರುದಿನವೂ ಆ ಸ್ವೆಟರ್ ಏನು ಮಾಡಲಿ ಎಂದು ಕೇಳಿದೆನೇ ಹೊರತು, ಇಕ್ಕಳ ಹೇಗೆ ಮಾಡಿದಿರಿ ಎಂದು ನಾನೂ ಕೇಳಲಿಲ್ಲ.