ಗಾಜಿನ ಕೊಳವೆಯಲ್ಲಿ ಒಡೆದ ಹಾಲು

ಚಿಕ್ಕಬೋರಮ್ಮನ ಹಾಲು ಡೇರಿಯಿಂದ ವಾಪಸ್ಸು ಬಂತು ಅನ್ನುವುದನ್ನು ಮೊದಲ ದಿನ ಊರಲ್ಲಿ ಯಾರೂ ನಂಬಲಿಲ್ಲ. ಹೇಮಗಿರಿಗೆ ಎರಡು ಮೈಲಿ ದೂರದ ಆ ಊರಿಗೆ ಅವಳು ಸೊಸೆಯಾಗಿ ಬಂದಾಗ ಹದಿನೆಂಟು ವರ್ಷ, ಈಗ ಐವತ್ತನಾಲ್ಕು. ಅಷ್ಟೂ ವರ್ಷ ಕೊಟ್ಟಿಗೆಯಲ್ಲಿ ಅವಳದೇ ಕಾರುಬಾರು. ಕರೆಯುವ ಮುಂಚೆ ಕೆಚ್ಚಲನ್ನು ಬಿಸಿನೀರಲ್ಲಿ ತೊಳೆದು ಒರೆಸಬೇಕು. ಕ್ಯಾನನ್ನು ಹುಣಸೆಹಣ್ಣು, ಒಲೆಬೂದಿ ಹಾಕಿ ಉಜ್ಜಿ ಬಿಸಿಲಿಗೆ ಬೋರಲು ಹಾಕಬೇಕು. ಒಣಗಿದ ಮೇಲೆ ಮೂಗಿಗೆ ಹಿಡಿದು ನೋಡಬೇಕು. ಎಲ್ಲೋ ಒಂಚೂರು ವಾಸನೆ ಬಂದರೆ ಮತ್ತೆ ಬೂದಿ, ಮತ್ತೆ ನೀರು. "ನಿನ್ ಮಕ್ಳ ತಲೆ ಕೂಡ ಇಷ್ಟು ಉಜ್ಜಿರ್ನಿಲ್ಲ ಬುಡು ನೀನು" ಎಂದು ಗಂಡ ದೇವರಾಜು ನಗುತ್ತಿದ್ದ.

ಶಿವರಾತ್ರಿ ಕಳೆದ ಮೂರನೇ ದಿನ ಬೆಳಿಗ್ಗೆ ಡೇರಿಯ ಕಿಟಕಿಯಲ್ಲಿ ಕಾರ್ಯದರ್ಶಿ ಪುಟ್ಟರಾಜು ಅವಳ ಹಾಲಿನಿಂದ ಒಂದಿಷ್ಟನ್ನು ಗಾಜಿನ ಕೊಳವೆಗೆ ಹಾಕಿ, ಅಷ್ಟೇ ಸ್ಪಿರಿಟ್ಟು ಸೇರಿಸಿ, ಹೆಬ್ಬೆರಳಿಂದ ಬಾಯಿ ಮುಚ್ಚಿ ಎರಡು ಸಲ ತಿರುಗಿಸಿದ. ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕು ಡೇರಿಗೆ ಬಂದ ಮೇಲೆ, ಹಾಲು ಹಳಸಿದೆಯೇ ಎಂದು ನೋಡುವ ಈ ಪರೀಕ್ಷೆ ಎಲ್ಲರಿಗೂ ಕಡ್ಡಾಯವಾಗಿತ್ತು. ಅವಳ ಕೊಳವೆಯ ಗೋಡೆಗೆ ರವೆಯಂತೆ ಬಿಳಿ ಚೂರುಗಳು ಅಂಟಿಕೊಂಡವು.

"ಇದು ಆಗಕ್ಕಿಲ್ಲ ಕಣವ್ವ. ಒಡ್ದೈತೆ ನೋಡು."

"ಈಗ ಕರ್ಕೊಂಡು ಬಂದಿವ್ನಿ. ಇನ್ನೂ ಬೆಚ್ಚಗದೆ, ಮುಟ್ ನೋಡ್ಲಾ."

"ನಾನ್ ಮುಟ್ಟಿ ಏನ್ ಮಾಡ್ಲಿ? ನೆನ್ನೆ ಸಂಜೆ ಹಾಲು ಏನಾರ ಉಳಿದಿತ್ತಾ? ಸೇರ್ಸ್‌ಬುಟ್ಟಾ?"

ಅವನು ಮೆಲ್ಲಗೆ ಕೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಹಿಂದೆ ನಿಂತ ಹದಿನೈದು ಜನಕ್ಕೂ ಕೇಳುವ ಹಾಗೆ ಕೇಳಿದ. ಸಾಲಿನಲ್ಲಿದ್ದ ದೊಡ್ಡತಾಯಮ್ಮ ಸೆರಗು ಸರಿಮಾಡಿಕೊಂಡು, "ಬೇರೇವ್ರ ಹಾಲಿಗೆ ನಲ್ಲಿ ನೀರು ಅಂದೋರ ಮನೇಲಿ ಹಳಸಿದ್ದು ಅಂತೆ" ಅಂದಳು. ಆರು ವರ್ಷದ ಹಿಂದೆ ಇದೇ ಕಿಟಕಿಯ ಮುಂದೆ ದೊಡ್ಡತಾಯಮ್ಮನ ಹಾಲಿನಲ್ಲಿ, ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರು ಮುಳುಗಿದಾಗ, "ನಿಮ್ಮ ಹಸೂಗೆ ನಾಕು ಮೊಲೆ ಜೊತೆಗೆ ಒಂದು ನಲ್ಲೀನೂ ಅದೆ" ಎಂದು ನಗಿಸಿದವಳು ಚಿಕ್ಕಬೋರಮ್ಮನೇ. ಆ ಮಾತು ಈಗ ಅವಳ ಕೆನ್ನೆಗೆ ಬಂದು ಬಡಿಯಿತು.

ಮನೆಗೆ ಬಂದವಳೇ ಆ ಹಾಲನ್ನು ಒಲೆಗಿಟ್ಟಳು. ಹಳೆಯ ಹಾಲಾದರೆ ಕುದಿ ಬರುವ ಮುಂಚೆಯೇ ಒಡೆಯಬೇಕು. ಹಾಲು ಉಕ್ಕಿತು, ಕೆನೆ ಕಟ್ಟಿತು, ಒಂದು ಗರಣೆಯೂ ಇಲ್ಲ. ಸೊಸೆ ಚೈತ್ರ ಅದರಲ್ಲೇ ಕಾಫಿ ಮಾಡಿದಳು. ಎಲ್ಲರೂ ಕುಡಿದರು. ಉಳಿದದ್ದಕ್ಕೆ ಹೆಪ್ಪು ಹಾಕಿದರೆ ಸಂಜೆಗೆ ಗಟ್ಟಿ ಮೊಸರು.

ಸಂಜೆಯ ಹಾಲೂ ವಾಪಸ್ಸು. ಮಾರನೇ ದಿನದ್ದೂ ವಾಪಸ್ಸು. ಆಗ ಅವಳು ಕಾಯಿಸಿದ ಹಾಲನ್ನು ತಂಬಿಗೆಯಲ್ಲಿ ತುಂಬಿಕೊಂಡು ಹೋಗಿ ಕಿಟಕಿಯ ಕಟ್ಟೆಗೆ ಕುಕ್ಕಿದಳು.

"ನೋಡ್ಲಾ ಇದ. ನನ್ ಒಲೆ ಮೇಲೆ ಒಡೀದಿರೋ ಹಾಲು ನಿನ್ ಗಾಜಿನ ಕೊಳವೇಲಿ ಯಾಕ್ಲಾ ಒಡೀತದೆ?"

"ನಂಗೇನ್ ಗೊತ್ತವ್ವ? ಒಡೆದ್ರೆ ತಗಬ್ಯಾಡ ಅಂದವ್ರೆ, ನಾನ್ ತಗಳಕ್ಕಿಲ್ಲ. ಇಡೀ ಊರಿನ ಹಾಲು ಒಂದೇ ಟ್ಯಾಂಕಿಗೆ ಓಯ್ತದೆ. ನಿಂದು ಸೇರಿ ಎಲ್ಲಾರ್ದೂ ಕೆಟ್ರೆ ನನ್ ಕತ್ತು ಹಿಡೀತಾರೆ."

ಅವನ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ಅವಳಿಗೆ ಇನ್ನೂ ಮೈಯುರಿಯಿತು. ಜಗಳಕ್ಕೆ ಬಂದವರ ಜೊತೆ ಜಗಳ ಆಡಬಹುದು. 'ನಂಗೇನ್ ಗೊತ್ತು' ಅನ್ನುವವನ ಜೊತೆ ಏನು ಆಡುವುದು?

ಮನೆಯಲ್ಲಿ ಹಾಲು ತುಂಬಿತು. ಮೊಸರು, ಮಜ್ಜಿಗೆ, ಬೆಣ್ಣೆ, ಮತ್ತೆ ಮೊಸರು. ಅಕ್ಕಪಕ್ಕದವರಿಗೆ ಕೊಟ್ಟರೆ ಅವರೂ ಮುಖ ನೋಡಿ, "ಚೆನ್ನಾಗದಾ ಬೋರಕ್ಕ?" ಎಂದು ಕೇಳಿ ಇಸಿದುಕೊಂಡರು. ಆ ಪ್ರಶ್ನೆ ಕೇಳಿಸಿಕೊಂಡ ದಿನದಿಂದ ಅವಳು ಕೊಡುವುದನ್ನೇ ನಿಲ್ಲಿಸಿದಳು. ದೇವರಾಜು, "ಬುಡು ಅತ್ಲಾಗೆ, ಎರಡು ಹಸು ಮಾರ್ಬುಡಾಣ" ಅಂದ. ಅವಳು ಅವನ ಜೊತೆ ಒಂದು ದಿನ ಮಾತಾಡಲಿಲ್ಲ.

ಐದನೇ ದಿನ ಅವಳಿಗೆ ಒಂದು ಯೋಚನೆ ಬಂತು. ಇದ್ದದ್ದು ಮೂರು ಹಸು: ಬೆಳ್ಳಿ, ಕೆಂದಿ, ಚುಕ್ಕಿ. ಮೂರರ ಹಾಲನ್ನೂ ಒಂದೇ ಕ್ಯಾನಿಗೆ ಸುರಿಯುತ್ತಿದ್ದಳು. ಆ ದಿನ ಮೂರನ್ನೂ ಬೇರೆ ಬೇರೆ ಕರೆದು, ಮೂರು ಬಾಟಲಿಗೆ ಹಾಕಿ, ಕತ್ತಿಗೆ ಮೂರು ಬಣ್ಣದ ದಾರ ಕಟ್ಟಿ ಡೇರಿಗೆ ಹೋದಳು. ಪುಟ್ಟರಾಜು ಒಪ್ಪಲಿಲ್ಲ. ಸ್ಪಿರಿಟ್ಟು ಲೆಕ್ಕದ್ದಂತೆ, ಒಬ್ಬರಿಗೆ ಒಂದೇ ಸಲವಂತೆ. ಅವಳು ಸಾಲಿನ ಪಕ್ಕಕ್ಕೆ ಹೋಗಿ ನಿಂತಳು. ಎಲ್ಲರೂ ಹಾಲು ಹಾಕಿ ಹೋದರು. ಅವಳು ನಿಂತೇ ಇದ್ದಳು. ಅವನು ನೆಲ ತೊಳೆದ, ಬಾಗಿಲು ಅರ್ಧ ಎಳೆದ, ಮತ್ತೆ ತೆಗೆದ.

"ಕೊಡವ್ವ ಅತ್ತ, ಸಾಯ್ಲಿ."

ಬೆಳ್ಳಿಯ ಹಾಲು ಒಡೆಯಿತು. ಕೆಂದಿಯದೂ ಒಡೆಯಿತು. ಚುಕ್ಕಿಯದು ಎಷ್ಟು ತಿರುಗಿಸಿದರೂ ನುಣ್ಣಗೆ ಜಾರಿತು.

ಒಂದೇ ಕೊಟ್ಟಿಗೆ, ಒಂದೇ ನೀರು, ಕರೆಯುವ ಕೈಯೂ ಒಂದೇ. ಮತ್ತೆ ಚುಕ್ಕಿಗೇನು ಬೇರೆ? ದಾರಿಯುದ್ದಕ್ಕೂ ಅದನ್ನೇ ತಲೆಯಲ್ಲಿ ತಿರುವುತ್ತಾ ಬಂದವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟಳು. ನಾಲೆಯ ನೀರು ನಿಂತು ಹಸಿಹುಲ್ಲು ಒಣಗಿದ ಮೇಲೆ ಒಂದು ತಿಂಗಳಿಂದ ಹಸುಗಳಿಗೆ ಹಾಕುತ್ತಿದ್ದುದು ಕಬ್ಬಿನ ಸೋಗೆ, ಅದರ ಜೊತೆಗೆ ಭತ್ತದ ಹುಲ್ಲು. ಊರ ಸುತ್ತ ಕಬ್ಬು ಕಡಿಯುತ್ತಿದ್ದರಿಂದ ಸೋಗೆಗೆ ಬರವಿರಲಿಲ್ಲ. ಬೆಳ್ಳಿ, ಕೆಂದಿ ಎದುರಿಗೆ ಬಿದ್ದದ್ದನ್ನೆಲ್ಲ ತಿನ್ನುತ್ತಿದ್ದವು. ಚುಕ್ಕಿ ಮಾತ್ರ ಸೋಗೆಯನ್ನು ಮೂಸಿ ಮುಖ ತಿರುಗಿಸುತ್ತಿದ್ದಳು. ಆ ಹಟಮಾರಿಗೆಂದು ಬದುವಿನ ಅಗಸೆ ಸೊಪ್ಪು, ಹುರುಳಿ ಹೊಟ್ಟು ಬೇರೆ ಹೊಂದಿಸಬೇಕಾಗಿತ್ತು.

ಮಾರನೇ ದಿನವೇ ಮೂರು ಬಾಟಲಿ ಚೀಲಕ್ಕೆ ಹಾಕಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದಳು. ಪಶುವೈದ್ಯೆ ಹೇಮಶ್ರೀ ಚಿಕ್ಕ ವಯಸ್ಸಿನವಳು. ಬಾಟಲಿಗಳಿಗೆ ಬಣ್ಣದ ಕಾಗದ ಅದ್ದಿ ನೋಡಿದಳು. ಕೆಚ್ಚಲು ಬಾವು ಇದೆಯೇ ಎಂದು ನೋಡುವ ಪರೀಕ್ಷೆಯನ್ನೂ ಮಾಡಿದಳು.

"ಹುಳಿ ಇಲ್ಲ ಅಮ್ಮ. ಬಾವೂ ಇಲ್ಲ. ಹಾಲು ಹೊಸದೇ."

ಚಿಕ್ಕಬೋರಮ್ಮನಿಗೆ ಅಲ್ಲೇ ಬೆಂಚಿನ ಮೇಲೆ ಕಣ್ಣು ತುಂಬಿತು. ಆದರೆ ಅಳಲಿಲ್ಲ. "ಅಂಗಾದ್ರೆ ಯಾಕ್ ಒಡೀತದೆ?" ಎಂದು ಗದರಿದಂತೆ ಕೇಳಿದಳು.

ಹೇಮಶ್ರೀ ಬಿಡಿಸಿ ಹೇಳಿದಳು. ಹಾಲಿನ ಗಟ್ಟಿ ಅಂಶ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಅವು ಒಂದಕ್ಕೊಂದು ಅಂಟದೆ ಇರಬೇಕಾದರೆ ಹಾಲಿನೊಳಗಿನ ಸುಣ್ಣದಂಶ ಮತ್ತು ಬೇರೆ ಲವಣಗಳು ಸಮವಾಗಿರಬೇಕು. ಸಮ ತಪ್ಪಿದರೆ ಹಾಲು ಕೆಡದೆ ಇದ್ದರೂ ಸ್ಪಿರಿಟ್ಟು ಬಿದ್ದ ಕೂಡಲೇ ಉಂಡೆಗಳು ಮುದ್ದೆಗಟ್ಟುತ್ತವೆ. "ಕೆಸುವಿನ ಎಲೆ ಸರಿಯಾಗಿ ಬೇಯದಿದ್ರೆ ಗಂಟಲು ಕೆರೆಯುತ್ತಲ್ಲ, ಅದರಲ್ಲಿರೋ ಜಾತಿಯ ಆಮ್ಲ ಭತ್ತದ ಹುಲ್ಲಲ್ಲೂ, ಕಬ್ಬಿನ ಸೋಗೇಲೂ ಇರುತ್ತೆ. ಅದು ಹಸುವಿನ ಹೊಟ್ಟೆಯಲ್ಲೇ ಸುಣ್ಣಾನ ಹಿಡ್ಕೊಂಡುಬಿಡುತ್ತೆ. ಇದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ, ಆದರೆ ನೀವು ಹೇಳಿದ ಮೇವು ನೋಡಿದ್ರೆ ನನಗೆ ಇದೇ ಅನುಮಾನ."

ಸೋಗೆ ಕಡಿಮೆ ಮಾಡಿ ಸೊಪ್ಪು, ಹೊಟ್ಟು ಸೇರಿಸಬೇಕು, ದಿನಾ ಖನಿಜದ ಪುಡಿ ಕಲಸಬೇಕು, ಎರಡು ವಾರ ಕಾಯಬೇಕು ಎಂದಳು. ಹಾಲು ಹುಳಿಯಾಗಿರಲಿಲ್ಲ ಎಂದು ಒಂದು ಚೀಟಿಯನ್ನೂ ಬರೆದುಕೊಟ್ಟಳು.

ಎದ್ದ ಚಿಕ್ಕಬೋರಮ್ಮ ಮತ್ತೆ ಕೂತು ಕೇಳಿದಳು. "ಡಾಕ್ಟ್ರಮ್ಮ, ನೀರು ಬೆರ್ಸ್‌ದೇನೂ ಲ್ಯಾಕ್ಟೋಮೀಟ್ರು ಮುಳುಗ್ತದಾ?"

"ಮೇವು ಸಾಲದಿದ್ರೆ, ಬಿಸಿಲು ಜಾಸ್ತಿಯಾದ್ರೆ ಹಾಲು ತೆಳುವಾಗುತ್ತೆ. ಆಗ ಮುಳುಗಬಹುದು."

ಆ ಎರಡು ವಾರ ಅವಳಿಗೆ ಎರಡು ವರ್ಷದ ಹಾಗೆ ಕಳೆಯಿತು. ಪುಟ್ಟರಾಜು ಚೀಟಿಯನ್ನು ಓದಿ, "ಆಯ್ತವ್ವ" ಎಂದು ಮೇಜಿನ ಖಾನೆಗೆ ತುರುಕಿದ. ಅದರಿಂದ ಏನೂ ಆಗಲಿಲ್ಲ. ಅವಳು ದೊಡ್ಡತಾಯಮ್ಮನ ಮನೆಗೂ ಹೋದಳು. ದೊಡ್ಡತಾಯಮ್ಮ ರಾಗಿ ಕೇರುತ್ತಿದ್ದಳು. ಚಿಕ್ಕಬೋರಮ್ಮ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, "ಅವತ್ತು ನಾನ್ ಅಂಗನ್ಬಾರ್ದಿತ್ತು ಕಣಕ್ಕ" ಅಂದಳು. ಮೊರ ನಿಲ್ಲಲಿಲ್ಲ.

"ಆರು ವರ್ಷ ಆದ್ಮೇಲೆ ಗೊತ್ತಾಯ್ತಾ? ಆ ಹಸೂನ ಅದೇ ತಿಂಗ್ಳು ಮಾರ್ಬುಟ್ಟೆ. ಜನ ಎದುರಿಗೆ ಕ್ಯಾನು ಹಿಡ್ಕಂಡು ನಿಲ್ಲಕ್ಕಾಯ್ತಿರ್ನಿಲ್ಲ ನಂಗೆ."

ಕೂರು ಎಂದು ಅನ್ನಲಿಲ್ಲ. ಚಿಕ್ಕಬೋರಮ್ಮ ನಿಂತಲ್ಲಿಂದಲೇ ವಾಪಸ್ಸು ಬಂದಳು. ಇಡೀ ಊರಿನ ಮೇಲೆ ಬರುತ್ತಿದ್ದ ಸಿಟ್ಟು ಆ ದಿನ ತನ್ನ ಮೇಲೇ ಬಂತು.

ದಿನಾ ಸಾಲು ಕರಗಿದ ಮೇಲೆ ಅವಳು ಬಾಟಲಿ ಹಿಡಿದು ನಿಂತು ಪರೀಕ್ಷೆ ಮಾಡಿಸುತ್ತಿದ್ದಳು. ಹನ್ನೆರಡನೇ ದಿನ ಕೆಂದಿಯ ಹಾಲು ಒಡೆಯುವುದು ನಿಂತಿತು. ಹದಿನೈದನೇ ದಿನ ಬೆಳ್ಳಿಯದೂ ನಿಂತಿತು. ಪುಟ್ಟರಾಜು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಕ್ಯಾನು ಬಗ್ಗಿಸಿಕೊಂಡು, ಪುಸ್ತಕದಲ್ಲಿ ಲೀಟರು ಬರೆದು, "ಮುಂದೆ ಬನ್ರಪ್ಪ" ಅಂದ.

ಚಿಕ್ಕಬೋರಮ್ಮ ಜರುಗಲಿಲ್ಲ. "ಅವತ್ತು ಎಲ್ಲಾರ್ ಮುಂದೆ ಒಂದು ಮಾತು ಅಂದೆ. ಇವತ್ತು ಎಲ್ಲಾರ್ ಮುಂದೆ ಇನ್ನೊಂದು ಮಾತು ಅನ್ನು."

"ಯಾವ್ ಮಾತವ್ವ? ಹಾಲು ತಗಂಡಿವ್ನಲ್ಲ."

"ಹಳೇ ಹಾಲು ಸೇರ್ಸಿರ್ನಿಲ್ಲ ಅಂತ ಅನ್ನು. ಇಲ್ಲಾ ಆ ಬೋರ್ಡ್ ಮೇಲೆ ಬರಿ."

ಬೋರ್ಡಿನ ಮೇಲೆ ಪಶು ಆಹಾರದ ಮೂಟೆ ಬಂದಿರುವ ವಿಷಯ ಬರೆದಿತ್ತು. ಪುಟ್ಟರಾಜು ನಕ್ಕ. ಕೆಟ್ಟ ನಗುವೇನಲ್ಲ, ಅವಸರದಲ್ಲಿರುವವನ ನಗು. "ಅದ್ನೆಲ್ಲ ಯಾರು ಮಡಿಕ್ಕಂಡವ್ರೆ ತಲೇಲಿ? ಮರ್ತ್‌ಬುಡವ್ವ."

"ಜರುಗ್ ಬೋರಕ್ಕ, ಬಿಸ್ಲಾಯ್ತದೆ" ಎಂದು ಹಿಂದಿನಿಂದ ಯಾರೋ ಅಂದರು.

ಅವಳು ಸಾಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ನನ್ ಹಾಲು ಹಳೇದಾಗಿರ್ನಿಲ್ಲ. ಸೋಗೆ ತಿಂದು ಸುಣ್ಣ ಕಮ್ಮಿಯಾಗಿತ್ತು. ನೀವೂ ಬರೀ ಸೋಗೆ ಹಾಕ್ಬ್ಯಾಡಿ, ನಾಳೆ ನಿಮ್ದೂ ಒಡೀತದೆ."

ಕೆಲವರು ಹೂಂಗುಟ್ಟಿದರು. ಒಬ್ಬ, "ಹಾಲಿಗೂ ಸುಣ್ಣ ಬಳೀತಾರಾ ಬೋರಕ್ಕ?" ಅಂದಾಗ ಇಬ್ಬರು ಮೂವರು ನಕ್ಕರು. ಮುಂದಿನವನು ತನ್ನ ಕ್ಯಾನನ್ನು ಕಟ್ಟೆಯ ಮೇಲಿಟ್ಟ. ಪುಟ್ಟರಾಜು ಹೊಸ ಕೊಳವೆ ಎತ್ತಿಕೊಂಡ. ಚಿಕ್ಕಬೋರಮ್ಮ ಖಾಲಿ ಕ್ಯಾನಿನ ಮುಚ್ಚಳವನ್ನು ಬಲವಾಗಿ ಒತ್ತಿದಳು. ಅದು ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಬಿರಬಿರನೆ ಮನೆಯ ದಾರಿ ಹಿಡಿದಳು.