ಹತ್ತಕ್ಕೆ ತಿರುಗಿಸಿದ ಸ್ಕ್ರೂ

ಮೂರು ಚಳಿಗಾಲಗಳ ಹಿಂದಿನ ಮಾತು. ಆಗ ನಾನು ಮಸ್ಕತ್ ಹೊರವಲಯದ ಅಲ್ ಅಮೇರಾತ್‌ನಲ್ಲಿ ಸಣ್ಣದೊಂದು ಟೂರಿಸಂ ಕಂಪೆನಿ ನಡೆಸುತ್ತಿದ್ದೆ. ಈಗಲೂ ಅದನ್ನೇ ನಡೆಸುತ್ತಿದ್ದೇನೆ. ಕಂಪೆನಿ ಎಂದರೆ ಎರಡು ಫೋರ್‌ವೀಲ್ ಗಾಡಿ, ಒಂದು ಕೋಣೆಯ ಆಫೀಸು, ಒಬ್ಬ ಡ್ರೈವರ್ ಮತ್ತು ನಾನು. ಬಂಟ್ವಾಳದ ಕಡೆಯಿಂದ ಬಂದು ಖಸಬ್ ಬಂದರಿನ ಕೆಫೆಟೇರಿಯಾದಲ್ಲಿ ಪಾತ್ರೆ ತೊಳೆದು ಶುರು ಮಾಡಿದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದ್ದ ಬಂಡವಾಳ ಚೌಕಾಸಿ ಒಂದೇ.

ನನ್ನ ಚೌಕಾಸಿಗೆ ಒಂದು ಕ್ರಮವಿದೆ. ನಾನು ದರದ ಬಗ್ಗೆ ಜಗಳವಾಡುವುದಿಲ್ಲ. ಮಾರುವವನ ಪಟ್ಟಿಯಲ್ಲಿ ಐದು ಐಟಂ ಇದ್ದರೆ ಒಂದೊಂದರ ಮೇಲೂ ಬೆರಳಿಟ್ಟು ಇದು ಯಾಕೆ, ಇದು ಬೇಡ ಎನ್ನುತ್ತೇನೆ. ಕೊನೆಗೆ ನನಗೆ ಬೇಕಾದ್ದು ಮಾತ್ರ ಉಳಿಯುತ್ತದೆ. ಹೊಸದಾಗಿ ಗಲ್ಫಿಗೆ ಬಂದು ವ್ಯಾಪಾರಕ್ಕಿಳಿಯುವ ನಮ್ಮ ಊರಿನ ಹುಡುಗರಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ಅವರಿಗೆ ಹೇಳದೆ ಬಿಟ್ಟದ್ದು ಈ ಕಥೆ.

ಆ ವರ್ಷ ಗಡಿ ಪಟ್ಟಣ ಬುರೈಮಿಯ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಹಳೆಯ ಸ್ಕೀ ಸಾಮಾನು ಬಂದಿದೆ ಎಂದು ಗೊತ್ತಾಯಿತು. ಗಡಿಯಾಚೆ ಎಲ್ಲೋ ಕೃತಕ ಹಿಮದಲ್ಲಿ ಆಡಿಸುವ ಪಾರ್ಕಿನವರು ಹೊಸದು ತರಿಸಿ ಹಳೆಯದನ್ನು ಮಾರಿದ್ದರಂತೆ. ಒಮಾನಿನಲ್ಲಿ ಹಿಮ ಎಲ್ಲಿಂದ ಬರಬೇಕು? ಆದರೆ ಬಿದಿಯಾದ ಆಚೆ ಮರಳುಗುಡ್ಡಗಳಿವೆ. ಹಲಗೆ ಕಟ್ಟಿಕೊಂಡು ಮರಳಿನ ಮೇಲೆ ಜಾರುವವರನ್ನು ನೋಡಿದ್ದೆ. ಬೂಟು, ಕೋಲು ಎಲ್ಲ ಇರುವ ನಿಜವಾದ ಸ್ಕೀ ಕೊಟ್ಟರೆ ಶುಕ್ರವಾರದ ಫ್ಯಾಮಿಲಿ ಪಿಕ್‌ನಿಕ್‌ಗೆ ಜನ ನುಗ್ಗುತ್ತಾರೆಂದು ಲೆಕ್ಕ ಹಾಕಿದೆ. ಹನ್ನೆರಡು ಜೊತೆ ಆರಿಸಿದೆ.

ಆ ಗೋದಾಮಿನಲ್ಲಿ ಸ್ಕೀ ರಿಪೇರಿ ಮಾಡುತ್ತಿದ್ದವನು ಕರೀಂ ಖಾನ್, ಗಿಲ್ಗಿಟ್‌ನವನು. ಹುಟ್ಟಿದ್ದೇ ಹಿಮದಲ್ಲಿ. ಸ್ಕೀ ಮೇಲೆ ಬೂಟನ್ನು ಹಿಡಿದಿಡುವ ಕ್ಲಿಪ್ಪಿಗೆ ಬೈಂಡಿಂಗ್ ಎನ್ನುತ್ತಾರೆ. ಅದರ ಮೇಲೆ ಪುಟ್ಟದೊಂದು ಕಿಟಕಿ, ಒಳಗೆ ಮೂರರಿಂದ ಹತ್ತರವರೆಗೆ ನಂಬರು, ಪಕ್ಕದಲ್ಲಿ ಒಂದು ಸ್ಕ್ರೂ. ನಂಬರು ಏರಿದಷ್ಟೂ ಹಿಡಿತ ಬಿಗಿ. ಆಳಿನ ತೂಕ, ಎತ್ತರ, ಬೂಟಿನ ಉದ್ದ, ಎಷ್ಟು ಕಲಿತಿದ್ದಾನೆ ಎಂಬುದನ್ನು ನೋಡಿ ಪ್ರತಿಯೊಬ್ಬರಿಗೂ ನಂಬರು ಇಡಬೇಕು, ಬಿದ್ದಾಗ ಸ್ಕೀ ಕಳಚಿಕೊಳ್ಳಬೇಕು ಎಂದು ಅವನು ಹೇಳಿದ. ಪಟ್ಟಿಯ ಕೊನೆಯ ಐಟಂ ಅವನೇ ಆಗಿದ್ದ: ಮೊದಲ ಕೆಲವು ಶುಕ್ರವಾರ ಜೊತೆಗೆ ಬಂದು ನಂಬರು ಹೊಂದಿಸಿ, ನಮಗೂ ಕಲಿಸಿಕೊಡುವುದು. ನಾನು ಅದರ ಮೇಲೆ ಬೆರಳಿಟ್ಟೆ.

"ಸಾಬ್, ಬಾಕಿ ಸಬ್ ಕಾಟ್ ದೋ, ಯೇ ಮತ್ ಕಾಟೋ," ಎಂದ ಕರೀಂ ಖಾನ್.

ಬೇರೆಲ್ಲ ಹೊಡೆದುಹಾಕಿ, ಇದೊಂದನ್ನು ಬಿಡಿ ಎಂದದ್ದನ್ನು ತನ್ನ ಕೂಲಿಗಾಗಿ ಹೇಳುತ್ತಿದ್ದಾನೆ ಎಂದುಕೊಂಡೆ. ಖಲಾಸ್ ಎಂದು ಸಾಮಾನು ಗಾಡಿಗೆ ಹಾಕಿಸಿದೆ.

ಮೊದಲ ಶುಕ್ರವಾರವೇ ಮುಖಭಂಗ. ಜನ ಎರಡು ಹೆಜ್ಜೆ ಜಾರುವಷ್ಟರಲ್ಲಿ ಸ್ಕೀ ಕಳಚಿ ಗುಡ್ಡದ ಕೆಳಗೆ ಓಡುತ್ತಿತ್ತು. ಹಿಂದೆ ಅದನ್ನು ಹಿಡಿಯಲು ಡ್ರೈವರ್ ಓಡುತ್ತಿದ್ದ, ಮೇಲಿನಿಂದ ಮಕ್ಕಳು ನಗುತ್ತಿದ್ದರು. ಒಬ್ಬ ಗ್ರಾಹಕ ಇದೆಂತ ಗುಜರಿ ಮಾಲು ಎಂದುಬಿಟ್ಟ. ಆ ಮಾತು ನನಗೆ ನಾಟಿತು. ಮಾರನೆಯ ದಿನ ಆಫೀಸಿನ ನೆಲದ ಮೇಲೆ ಕೂತು ಸ್ಕ್ರೂಡ್ರೈವರ್ ಹಿಡಿದು ಹನ್ನೆರಡೂ ಜೊತೆಯ ನಂಬರನ್ನು ಹತ್ತಕ್ಕೆ ತಂದೆ. ಇನ್ನು ಯಾರದೂ ಕಳಚಬಾರದು. ಬಾಗಿಲು ಸಡಿಲವಾದರೆ ಕೀಲು ಬಿಗಿ ಮಾಡುವುದಿಲ್ಲವೇ, ಹಾಗೆ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ಮುಂದಿನ ಶುಕ್ರವಾರ ಬಂದದ್ದು ಲವೀನಾ ಸಿಸ್ಟರ್ ಕುಟುಂಬ. ಉಡುಪಿ ಕಡೆಯವರು. ಸಿಸ್ಟರ್ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್ ನರ್ಸ್, ತೆಳ್ಳಗಿನ ಹೆಂಗಸು. ಗಂಡ ರಿಚರ್ಡ್, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ; ಅವರಿಗೆಲ್ಲ ನಾನು ಹಮೀದಾಕ, ಅಂದರೆ ಹಮೀದಣ್ಣ. ಅವರ ಕಂಪೆನಿ ಮುಚ್ಚಿ ಕೆಲಸ ಹೋಗಿತ್ತು. ಗಂಡ, ಮಗಳು ಇಬ್ಬರ ವೀಸಾವೂ ಸಿಸ್ಟರ್ ಕೆಲಸದ ಮೇಲೆ ನಿಂತಿತ್ತು. ಮಗಳು ಶೆರಿಲ್ ಎಂಟನೇ ಕ್ಲಾಸು. ವರ್ಷವಿಡೀ ಎಲ್ಲಿಗೂ ಹೋಗಿಲ್ಲ, ಮಗಳಿಗೆ ಒಂದು ದಿನವಾದರೂ ಖುಷಿಯಾಗಲಿ ಎಂದು ಬಂದಿದ್ದರು.

ಬೂಟು ಹಾಕುವಾಗ ಶೆರಿಲ್ ಬಗ್ಗಿ ಕಿಟಕಿ ನೋಡಿದಳು. "ಅಂಕಲ್, ವಾಟ್ ಈಸ್ ದಿಸ್ ಟೆನ್?"

"ಹತ್ತಕ್ಕೆ ಹತ್ತು ಮಾರ್ಕು ಮಗಳೇ, ನಮ್ಮ ಸ್ಕೀಗೆ," ಎಂದೆ. ಎಲ್ಲರೂ ನಕ್ಕರು. ಅವಳು ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡಳು.

ಬಿದ್ದರೆ ಬದಿಗೆ ಬೀಳಿ ಎಂದು ಎಲ್ಲರಿಗೂ ಹೇಳಿದೆ. ಬೆಳಗ್ಗೆಯೆಲ್ಲ ಚೆನ್ನಾಗಿಯೇ ಹೋಯಿತು. ರಿಚರ್ಡ್ ಕೂತೇ ಜಾರಿದರು. ಹೆಂಡತಿ ಅದನ್ನು ಕಂಡು, ನಲ್ವತ್ತೆಂಟು ವರ್ಷಕ್ಕೆ ಅಂಬೆಗಾಲಿಡುವವರನ್ನು ಈಗಲೇ ನೋಡಿದ್ದು ಎಂದು ಕಿಚಾಯಿಸಿದರು. ಊಟಕ್ಕೆ ಮೊದಲು ಸಿಸ್ಟರ್ ಕೊನೆಯದೊಂದು ಸಲ ಎಂದು ಮೇಲೆ ಹತ್ತಿದರು. ಗುಡ್ಡದ ಬುಡದಲ್ಲಿ ಮರಳು ಗಟ್ಟಿಯಾಗುವಲ್ಲಿ ಎಡಗಾಲಿನ ಸ್ಕೀಯ ಮೂತಿ ಹೂತು ನಿಂತಿತು. ಮೈ ಮುಂದಕ್ಕೆ ಹೋಗಿ ತಿರುಗಿತು, ಸ್ಕೀ ಮಾತ್ರ ಕಾಲನ್ನು ಬಿಡಲಿಲ್ಲ. ಒಣ ಕೊಂಬೆ ಮುರಿದಂಥ ಸದ್ದು ಗುಡ್ಡದ ಮೇಲಿದ್ದ ನನಗೂ ಕೇಳಿಸಿತು.

ನಾನು ಓಡಿ ಹೋಗಿ ಬೂಟು ಎಳೆಯಲು ಕೈ ಹಾಕಿದೆ. "ಹಮೀದಾಕ, ಮುಟ್ಟಬೇಡಿ. ಮುರಿದಿದೆ," ಎಂದರು ಸಿಸ್ಟರ್. ತುಟಿ ಬೆಳ್ಳಗಾಗಿತ್ತು, ಆದರೂ ಎರಡು ಕೋಲನ್ನು ಕಾಲಿನ ಎರಡು ಬದಿಗೆ ಹೇಗೆ ಇಡಬೇಕು, ಶಾಲನ್ನು ಎಲ್ಲಿ ಕಟ್ಟಬೇಕು ಎಂದು ಅವರೇ ಹೇಳಿಕೊಟ್ಟರು. ಬೈಂಡಿಂಗಿನ ಹಿಂದಿನ ಕ್ಲಿಪ್ಪನ್ನು ಒತ್ತಿ ಬಿಡಿಸಲು ನನ್ನ ಇಡೀ ಭಾರ ಬೇಕಾಯಿತು. ಆ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು.

ಎಮರ್ಜೆನ್ಸಿಯ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಸಿಸ್ಟರ್, "ನನ್ನದೇ ತಪ್ಪು, ಬದಿಗೆ ಬೀಳಿ ಎಂದು ಹಮೀದಾಕ ಹೇಳಿದ್ದರು, ನಾನು ಮುಂದಕ್ಕೆ ಬಿದ್ದೆ," ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಲ್ಲಿಂದ ನೇರ ಆಫೀಸಿಗೆ ಬಂದವನು ಬಾಗಿಲು ಹಾಕಿಕೊಂಡು ಎಲ್ಲ ಬೈಂಡಿಂಗುಗಳ ಸ್ಕ್ರೂ ತಿರುಗಿಸಿ ಹಳೆಯ ನಂಬರಿಗೆ ತಂದಿಟ್ಟೆ. ಯಾರಾದರೂ ಬಂದು ನೋಡಿದರೆ ಹತ್ತು ಕಾಣಬಾರದು.

ಕಾಲಿಗೆ ರಾಡ್ ಹಾಕಿದರು. ಹತ್ತು ದಿನದ ಮೇಲೆ ಸಿಸ್ಟರ್ ಕೆಲಸ ಮಾಡುವ ಆಸ್ಪತ್ರೆಯಿಂದ ನನಗೆ ಇಮೇಲ್ ಬಂತು. ಮಾರ್ಚ್‌ನಲ್ಲಿ ಅವರ ಕಾಂಟ್ರಾಕ್ಟ್ ನವೀಕರಣವಿತ್ತು. ಇದು ಸಾಮಾನಿನ ದೋಷದಿಂದಾದ ಅಪಘಾತವೋ, ಸ್ವಂತ ಅಜಾಗರೂಕತೆಯೋ, ಬರೆದು ಕೊಡಿ ಎಂದು ಕೇಳಿದ್ದರು. ಅಪಘಾತವಾದರೆ ಕಾಯುತ್ತಾರೆ, ಇಲ್ಲವಾದರೆ ಥಿಯೇಟರ್‌ನಲ್ಲಿ ನಿಲ್ಲಲಾರದ ನರ್ಸನ್ನು ಇಟ್ಟುಕೊಳ್ಳುವುದಿಲ್ಲ ಎಂದು ರಿಚರ್ಡ್ ಫೋನಿನಲ್ಲಿ ಹೇಳಿದ್ದರು. ಎಂತಾದರೂ ಒಳ್ಳೆಯದು ಬರೆಯಿರಿ ಮಾರಾಯ್ರೆ ಎಂದೂ ಕೇಳಿಕೊಂಡಿದ್ದರು. ನನ್ನ ಲೈಸೆನ್ಸಿನ ಚಿಂತೆ ನನಗೆ. ಸಾಮಾನು ಸರಿಯಿತ್ತು, ಅತಿಥಿ ಸೂಚನೆ ಪಾಲಿಸಲಿಲ್ಲ ಎಂದು ಎರಡು ಸಾಲು ಬರೆದು ಕಂಪೆನಿಯ ಸೀಲು ಒತ್ತಿ ಕಳಿಸಿದೆ.

ಆಮೇಲೆ ಒಂದು ಡಬ್ಬ ಖರ್ಜೂರ ಹಿಡಿದು ಅವರ ಮನೆಗೆ ನೋಡಲು ಹೋದೆ. ಇಂಥ ಕೆಲಸ ಮಾಡಿದವನು ಖಾಲಿ ಕೈಯಲ್ಲಿ ಹೋಗುವುದಿಲ್ಲ. ಸಿಸ್ಟರ್ ಕಾಲು ಚಾಚಿ ಸೋಫಾದಲ್ಲಿದ್ದರು. ನನ್ನಿಂದ ನಿಮ್ಮ ವ್ಯಾಪಾರಕ್ಕೆ ಕೆಟ್ಟ ಹೆಸರು ಬಂತು, ತಪ್ಪು ತಿಳಿಯಬೇಡಿ ಎಂದರು. ನಾನು ಬಿಡಿ ಸಿಸ್ಟರ್, ಅದೆಲ್ಲ ಇರುವುದೇ ಎಂದೆ. ನಾನು ಎದ್ದು ಹೊರಡುವಾಗ ಮತ್ತೆ ಅದನ್ನೇ ಹೇಳಿದರು.

ಬಾಗಿಲ ಹತ್ತಿರ ಶೆರಿಲ್ ಫೋನ್ ಹಿಡಿದು ನಿಂತಿದ್ದಳು. ಹತ್ತು ಎಂಬ ನಂಬರಿನ ಫೋಟೊ ನನ್ನ ಮುಖದ ಮುಂದೆ ಹಿಡಿದಳು. "ಟೆನ್ ಈಸ್ ಫಾರ್ ಎಕ್ಸ್‌ಪರ್ಟ್ಸ್, ಅಂಕಲ್. ಮಮ್ಮಾಗೆ ಫೋರ್ ಇರಬೇಕಿತ್ತು. ಐ ಚೆಕ್ಡ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಇಲ್ಲ ಎನ್ನುತ್ತೇನೇನೋ ಎಂದು ಕಾಯುತ್ತಿದ್ದಳು.

ಒಳಗೆ ವಾಪಸ್ ಹೋಗಿ ಕೂತೆ. ಕರೀಂ ಖಾನ್, ಸ್ಕ್ರೂಡ್ರೈವರ್, ಬಾಗಿಲು ಹಾಕಿಕೊಂಡು ತಿರುಗಿಸಿದ್ದು, ಸೀಲು ಒತ್ತಿದ ಪತ್ರ, ಎಲ್ಲ ಹೇಳಿದೆ. ರಿಚರ್ಡ್ ಎದ್ದು ಬಾಲ್ಕನಿಗೆ ಹೋದರು.

"ಕಾಲು ಕೂಡಿಕೊಳ್ತದೆ ಹಮೀದಾಕ," ಎಂದರು ಸಿಸ್ಟರ್. "ಆದ್ರೆ ಈಗಷ್ಟೇ ನನ್ನ ಹತ್ರ ಎರಡು ಸಲ ತಪ್ಪಾಯ್ತು ಹೇಳಿಸಿಕೊಂಡ್ರಿ. ಹೇಗೆ ಕೇಳಿಸಿಕೊಂಡ್ರಿ ನೀವು?"



ಮಾರನೆಯ ಬೆಳಗ್ಗೆ ಆಸ್ಪತ್ರೆಗೆ ಹೋಗಿ ನನ್ನ ಪತ್ರ ಸುಳ್ಳೆಂದು ಬರೆದುಕೊಟ್ಟೆ. ಅಷ್ಟರಲ್ಲಿ ಥಿಯೇಟರ್‌ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಒಂದೇ ವಾರ ಮೊದಲು ಬಂದಿದ್ದರೆ ಎಂದರು ಮ್ಯಾನೇಜರು. ಸಿಸ್ಟರ್‌ಗೆ ರಿಸೆಪ್ಷನ್‌ನಲ್ಲಿ ಕೂರುವ ಕೆಲಸ ಕೊಟ್ಟರು. ವೀಸಾ ಉಳಿಯಿತು. ಹದಿನೆಂಟು ವರ್ಷ ಥಿಯೇಟರ್‌ನಲ್ಲಿ ಕೆಲಸ ಮಾಡಿದ ಕೈ ಈಗ ಟೋಕನ್ ಕೊಡುತ್ತಿದೆ. ಟೂರಿಸಂ ಕಚೇರಿಗೂ ನಾನೇ ತಿಳಿಸಿದೆ. ಆ ಸೀಸನ್ ಪೂರ್ತಿ ನನಗೆ ಸ್ಕೀ ಬಂದ್.

ಈಗ ಪ್ರತಿ ಶುಕ್ರವಾರ ಕರೀಂ ಖಾನ್ ಬರುತ್ತಾನೆ. ಎಲ್ಲರನ್ನೂ ತೂಕದ ಮೆಷಿನಿನ ಮೇಲೆ ನಿಲ್ಲಿಸಿ, ನಂಬರನ್ನು ಟೇಪಿನಲ್ಲಿ ಬರೆದು ಬೂಟಿಗೆ ಅಂಟಿಸುತ್ತಾನೆ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದಿಷ್ಟು: ಚೌಕಾಸಿ ಮಾಡಿ, ನಾಚಬೇಡಿ. ಆದರೆ ಪಟ್ಟಿಯ ಐಟಂ ಒಂದನ್ನು ಹೊಡೆದುಹಾಕುವ ಮೊದಲು, ಇದಿಲ್ಲದಿದ್ದರೆ ಪೆಟ್ಟಾಗುವುದು ಯಾರಿಗೆ ಎಂದು ಕೇಳಿ. ನಿಮಗಾದರೆ ಹೊಡೆದುಹಾಕಿ. ಇನ್ನೊಬ್ಬರಿಗಾದರೆ ಬೆರಳು ತೆಗೆಯಿರಿ.

ಈಗಲೂ ಗುಡ್ಡದಲ್ಲಿ ಆಗಾಗ ಸ್ಕೀ ಕಳಚಿ ಕೆಳಗೆ ಓಡುತ್ತದೆ. ಜನ ನಗುತ್ತಾರೆ, ಕೆಲವರು ಗುಜರಿ ಮಾಲು ಎನ್ನುತ್ತಾರೆ. ಹೌದು ಸಾರ್ ಎನ್ನುತ್ತೇನೆ. ಬಿದ್ದವರು ಎರಡೂ ಕಾಲಿನ ಮೇಲೆ ಎದ್ದು ನಿಲ್ಲುವುದನ್ನು ನೋಡಿಕೊಂಡು, ಇಳಿದು ಹೋಗಿ ಸ್ಕೀ ಹೆಕ್ಕಿ ತರುತ್ತೇನೆ.